ಮಲ್ಪೆಯಲ್ಲಿ ಚಳಿ

ಊಟಿಗೆ ಬಂಗುಡೆ ಹೇರಿಕೊಂಡು ಹೋದ ಲಾರಿ
ಬರುವಾಗ ಖಾಲಿ ಕ್ರೇಟಿನಲ್ಲಿ
ಒದ್ದೆ ಗೋಣಿ ಸುತ್ತಿದ ಒಂದು ಕಡ್ಡಿ ತಂತು.
ಹಳೇ ಜಾತಿಯ ಗುಲಾಬಿಯಂತೆ,
ದೊರೆಗಳ ಕಾಲದ ಬಂಗಲೆಯದಂತೆ.
"ಹಿಮ ಬಿದ್ದರೂ ಸಾಯುವುದಿಲ್ಲ," ಎಂದ ಡ್ರೈವರ್ ಮೋನಾಕ.
ನಮ್ಮವರು ನಂಬಿದರು.

ಬಂದರಿನಲ್ಲಿ ಐಸು ಗುರುವಣ್ಣ ಎಂದರೆ ಎಲ್ಲರಿಗೂ ಗೊತ್ತು.
ಇಪ್ಪತ್ತೆಂಟು ವರ್ಷ
ಅಚ್ಚು ಕಳಚಿದ ಗಡ್ಡೆಗೆ ಕೊಕ್ಕೆ ಹಾಕಿ ಎಳೆದು ಎಳೆದು
ಬೆರಳ ತುದಿ ಗೊರಸಿನ ಹಾಗಾಗಿದೆ.
ಕುದಿಯುವ ಚಾ ಲೋಟ ಬರಿಗೈಯಲ್ಲೇ ಹಿಡಿಯುತ್ತಾರೆ.

ಮನೆಯ ಹಿಂದೆ, ಬಲೆ ಒಣಗಿಸುವ ಕಡೆ,
ಹೊಯ್ಗೆಗೆ ಎರಡು ಬುಟ್ಟಿ ಕೆಂಪು ಮಣ್ಣು ಸುರಿದು ನೆಟ್ಟರು.
ದಿನಾ ರಾತ್ರಿ ಟಿಫಿನ್ ಡಬ್ಬಿಯಲ್ಲಿ ಐಸಿನ ಪುಡಿ ತಂದು
ಬುಡಕ್ಕೆ ಹಾಕುವುದು.
"ಪಾಪ, ಅದಕ್ಕೆ ಊರು ನೆನಪಾಗುತ್ತದೆ."
ನಾನು ಮದುವೆಯಾಗಿ ಬಂದ ವರ್ಷ
ನನ್ನನ್ನು ಯಾರೂ ಹೀಗೆ ಕೇಳಿದ್ದಿಲ್ಲ.
ಇರಲಿ.

ಎಲೆಯ ಅಂಚು ಸುಟ್ಟಿತು.
ಜಲಜಕ್ಕ ಬೇಲಿಯಾಚೆ ನಿಂತು ನಕ್ಕಳು:
"ಮಲ್ಲಿಗೆ ಹಾಕಿದ್ದರೆ ಈಗ ಅಟ್ಟೆಗೆ ಎಷ್ಟು ರೇಟು ಗೊತ್ತುಂಟಾ?"
ಆಟಿಯ ಮಳೆಗೆ ಕಪ್ಪು ಚುಕ್ಕೆ ಬಂದು ಗಿಡ ಬೋಳಾಯಿತು.
ಬೋಟೆಲ್ಲ ದಡದಲ್ಲಿ, ಐಸ್ ಪ್ಲಾಂಟು ಬಂದ್,
ಇವರು ಜಗಲಿಯಲ್ಲಿ ಗಿಡಕ್ಕೆ ಬೆನ್ನು ಹಾಕಿ ಕೂತರು.

ಗಂಜಿ ಬಡಿಸುತ್ತಾ ಹೇಳಿದೆ:
ಅದು ಚಳಿ ತಡೆದದ್ದು ಮಾರಾಯ್ರೆ,
ಚಳಿ ಬೇಕೆಂದು ಕೇಳಿದ್ದಲ್ಲ.
ನೀವೂ ತಡೆದಿದ್ದೀರಿ.
ಮನೆಗೆ ಬಂದು ಯಾವತ್ತಾದರೂ ಐಸು ಕೇಳಿದ್ದುಂಟಾ?
ಬಿಸಿನೀರು ಕೇಳುತ್ತೀರಿ.

ಮಾತಾಡಲಿಲ್ಲ.
ಮಾವಿನಮಿಡಿ ಚೀಪಿ ಗೊರಟು ಬದಿಗಿಟ್ಟರು.

ಅಷ್ಟಮಿ ಕಳೆದ ಮೇಲೆ ಡಬ್ಬಿ ಖಾಲಿ ಬರತೊಡಗಿತು.
ನಾನು ಬೂತಾಯಿ ತೊಳೆದ ನೀರು ಹೊಯ್ದೆ,
ತಲೆ ಕರುಳು ಹೂತೆ,
ಬೆಕ್ಕು ಎರಡು ಸಲ ಅಗೆದು ಹಾಕಿತು,
ಮೂರನೇ ಸಲ ಮೇಲೊಂದು ಹಂಚು ಹೇರಿದೆ.

ಕಲ್ಯಾಣಪುರದ ಮನೆಗಳಲ್ಲಿ ನಕ್ಷತ್ರ ತೂಗಿದ ವಾರ
ಬೆಳಗಿನ ಜಾವ ಒಂದು ಚೂರು ಚಳಿ.
ನಮ್ಮಲ್ಲಿ ಚಳಿಯೆಂದರೆ
ಫ್ಯಾನು ಒಂದು ನಂಬರಿಗೆ ಇಳಿಸುವುದು, ಅಷ್ಟೆ.
ಅಷ್ಟಕ್ಕೇ ಒಂದು ಮೊಗ್ಗು.

ಅರಳಿದಾಗ ಪುಟ್ಟ ಕೋಸಿನ ಹಾಗೆ, ಎಸಳೊಳಗೆ ಎಸಳು.
ಬಣ್ಣ, ಆಗಷ್ಟೇ ಬೆಂದ ಸಿಗಡಿಯದ್ದು.
ಪರಿಮಳ ನನಗೆ ತಿಳಿಯಲಿಲ್ಲ,
ಈ ಮೂಗಿಗೆ ಮೀನು ಬಿಟ್ಟು ಬೇರೆ ತಾಗದೆ ಎಷ್ಟು ಕಾಲವಾಯಿತೋ.
ಉಂಟು ಎಂದಳು ಜಲಜಕ್ಕ,
ಬೇಲಿ ದಾಟಿ ಬಂದು.

ಇವರು ಕೊಂಬೆ ಬಗ್ಗಿಸಿ ನೋಡುತ್ತಲೇ ಇದ್ದರು.
ಬನಿಯನ್ನಿಗೆ ರಕ್ತ ತಾಗಿದ್ದು ಕಂಡು ನಾನೇ ಕೂಗಿದೆ.
ಹೆಬ್ಬೆರಳಲ್ಲಿ ಮುಳ್ಳು ಮುರಿದು ಕೂತಿತ್ತು.
"ಹೌದಾ," ಎಂದರು,
ಬೆರಳು ತಿರುಗಿಸಿ ನೋಡಿಕೊಂಡರು,
ಯಾರದ್ದೋ ಎಂಬ ಹಾಗೆ.