ಬೆರಕೆ ಸೊಪ್ಪು

ಕುಂತಿಬೆಟ್ಟದ ಬೆನ್ನಿಗೆ ಬಿಸಿಲು ಹತ್ತುವ ಮೊದಲೇ
ಮಂಚಮ್ಮನ ಮಡಿಲು ಅರ್ಧ ತುಂಬಿತ್ತು:
ಅಣ್ಣೆ, ಗಣಿಕೆ, ಕನ್ನೆ, ಬಂಡೆ ಸಂದಿನ ಗೋಣಿ,
ಹೆಸರು ಕೇಳಿದರೆ ‘ಇದಾ? ಇದ್ ಸೊಪ್ಪು ಕನವ್ವ’
ಅನ್ನುವಂಥವು ಇನ್ನೂ ನಾಲ್ಕು.
ನಾನು ಹಿಂದೆ ಹಿಂದೆ, ಪ್ಲಾಸ್ಟಿಕ್ ಚೀಲ, ಮಾರ್ಕರ್ ಪೆನ್ನು,
ಒಂದೊಂದನ್ನೂ ಬಿಡಿಸಿ ನಂಬರು ಬರೆಯುತ್ತ.

‘ಬ್ಯಾರೆ ಮಾಡುದ್ರೆ ಏನವ್ವ ರುಚಿ?
ಒಂದು ಕಹಿ, ಒಂದು ಲೋಳೆ, ಒಂದು ಬರೀ ನಾರು.
ಬೆರೀಬೇಕು.’

ಹೇಳಿದೆ, ನನಗೆ ತಿಳಿದಷ್ಟು:
ಉಸಿರಾಡುವ ಗಾಳಿಯೇ ಒಳಗೊಳಗೆ ನಮಗೆ ತುಕ್ಕು ಹಿಡಿಸುತ್ತದೆ,
ಈ ಎಲೆಗಳು ತಡೆಯುತ್ತವೆ, ಎಷ್ಟು ಅಂತ ಅಳೆಯಬೇಕು.
ಅವಳು ಕುಡುಗೋಲನ್ನು ತಿರುಗಿಸಿ ನೋಡಿದಳು.
ಹಿಡಿಯ ಹತ್ತಿರ ಕಂದು, ಬಾಯಿ ಮಾತ್ರ ಬೆಳ್ಳಿ.
ಏನೂ ಅನ್ನಲಿಲ್ಲ. ಸೆರಗಿಗೆ ಒರೆಸಿ ಮುಂದೆ ನಡೆದಳು.

ಮೊಮ್ಮಗ ಚೆಲುವ ಕವಳೆ ಮುಳ್ಳಿನೊಳಗೆ ಕೈ ತೂರಿಸಿ
ಕಪ್ಪು ಹಣ್ಣು ಬಾಯಿಗೆಸೆದು ನಾಲಿಗೆ ಚಾಚಿದ:
ನೇರಳೆ.

ಮೈಸೂರಿನ ಲ್ಯಾಬಿನಲ್ಲೂ ಅದೇ ಬಣ್ಣ,
ಗಾಜಿನ ನಳಿಗೆಯಲ್ಲಿ, ಕತ್ತಲ ಕಪಾಟಿನಲ್ಲಿ, ಅರ್ಧ ಗಂಟೆ.
ಎಲೆಯ ರಸ ಒಂದು ಹನಿ ಬಿದ್ದರೆ
ಸೋಲುತ್ತ ಸೋಲುತ್ತ ತೆಳು ಹಳದಿಗೆ ಬರುತ್ತದೆ.
ಕವಳೆಯ ನೇರಳೆ ಬಿದ್ದಾಗ
ನೇರಳೆಯೇ ನೇರಳೆಯನ್ನು ತಿಂದುಹಾಕಿತು.
ಪ್ರಬಂಧದಲ್ಲಿ ಇದನ್ನು ಹೀಗೆ ಬರೆಯುವಂತಿಲ್ಲ.

ಒಂದು ಮಧ್ಯಾಹ್ನ, ಯಾರೂ ಇಲ್ಲದಾಗ,
ಅವಳು ಕಟ್ಟಿಕೊಟ್ಟಿದ್ದ ಬಸ್ಸಾರನ್ನು ಸೋಸಿ
ಒಂದು ಹನಿ ಬಿಟ್ಟೆ. ನಂಬರಿಲ್ಲ, ಲೆಕ್ಕವಿಲ್ಲ.
ಉಪ್ಪು, ಬೆಳ್ಳುಳ್ಳಿ, ಹುರುಳಿ, ಎಂಟು ಸೊಪ್ಪು ಬಸಿದ ನೀರು.
ಗಡಿಯಾರ ನೋಡುವಷ್ಟರಲ್ಲಿ ಹಳದಿ.
ಉಳಿದದ್ದನ್ನು ಮುದ್ದೆಯಿಲ್ಲದೆ, ನಿಂತೇ, ಡಬ್ಬಿ ಎತ್ತಿ ಕುಡಿದೆ.

ಟೇಬಲಿನಲ್ಲಿ ಹದಿನೈದು ಸಾಲು. ಹದಿನಾಲ್ಕನೆಯದು ಖಾಲಿ.
ಗೈಡು ಅದರ ಮೇಲೆ ಬೆರಳಿಟ್ಟರು.
‘ಸ್ಯಾಂಪಲ್ಲು ಕೊಳೆತುಹೋಯಿತು ಮೇಡಂ.’

ಕೊಳೆತಿರಲಿಲ್ಲ.
ಬೆಟ್ಟದ ಹಿಂಬದಿ, ನೀರು ಜಿನುಗುವ ಕಲ್ಲಿನ ಕೆಳಗೆ
ಬೆರಳಗಲದ ಎಲೆ. ಬಾಣಂತಿಗೆ ಮಾತ್ರ ಅಂದಳು.
ಮೂರು ಕಿತ್ತು, ಬುಡಕ್ಕೆ ಮಣ್ಣೆಳೆದು,
ನನ್ನ ಪೆನ್ನಿನ ಮೇಲೆ ಕೈಯಿಟ್ಟು,
‘ಇದೊಂದ ಬರ್ಕಬ್ಯಾಡ.
ಬರ್ದ್ ಮ್ಯಾಕೆ ಇದು ಉಳಿಯಾಕಿಲ್ಲ.’

ಚೀಲದ ಮೇಲೆ ಆಗಲೇ ಬರೆದಿದ್ದ ೧೪ನ್ನು
ಉಗುಳು ಹಚ್ಚಿ ಹೆಬ್ಬೆರಳಿಂದ ಉಜ್ಜಿದೆ.
ಚೀಲದಿಂದ ಹೋಯಿತು.
ಬೆರಳಿನದು ಎರಡು ದಿನ ಇತ್ತು.