ತುಂಬಿದ ವರ್ಷ

ನನ್ನ ಅಂಗಡಿಯಲ್ಲಿರುವುದು ಒಂದೇ ಕೋಟು.
ಕಪ್ಪು. ಬೆನ್ನಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದರೆ
ಮನಿಲಾದ ಯಾವ ಮೈಗಾದರೂ ಆಗುತ್ತದೆ.
ಕಲಾವ್ ರಸ್ತೆಯಲ್ಲಿ ಬೆಳಗಿನ ಐದಕ್ಕೇ ಸಾಲು.
ಹಡಗು ಕಂಪನಿಯ ಏಜೆಂಟರು ಏಳುವ ಮೊದಲೇ
ಹಡಗಿಗೆ ಹೊರಟವರು ಎದ್ದಿರುತ್ತಾರೆ,
ಪ್ಲಾಸ್ಟಿಕ್ ಕವರಿನಲ್ಲಿ ತಂತಮ್ಮ ಹುಟ್ಟನ್ನು
ಮಳೆಗೆ ನೆನೆಯದಂತೆ ಎದೆಗವಚಿಕೊಂಡು.

ದೊಡ್ಡವನಂತೆ ಕಾಣಿಸು ಎನ್ನುತ್ತಾರೆ,
ಚಿಕ್ಕವಳಂತೆ ಕಾಣಿಸು ಎನ್ನುತ್ತಾರೆ.
ಇದ್ದಷ್ಟೇ ಕಾಣಿಸು ಎಂದವರು
ಹದಿನಾರು ವರ್ಷದಲ್ಲಿ ಒಬ್ಬರೂ ಇಲ್ಲ.
ಇದ್ದಾನೆ, ಒಬ್ಬ ಪಾದ್ರಿ. ಅವನಿಗೆ ಹಡಗು ಬೇಕಿರಲಿಲ್ಲ.

ಮೊನ್ನೆ ಬಂದವನು ರೊನಿಲ್ ಲಬೊಂಗ್, ಸಮಾರ್ ದ್ವೀಪದವನು.
ಕೇಳಿದ್ದು ಪಾತ್ರೆ ತಿಕ್ಕುವ ಕೆಲಸ.
"ಇಪ್ಪತ್ತೊಂದು ತುಂಬಿರಬೇಕಂತೆ, ಅಕ್ಕ.
ನನಗೆ ತುಂಬಿದೆ. ಕಾಗದಕ್ಕೆ ತುಂಬಿಲ್ಲ."
ಅವನು ಹುಟ್ಟಿದ ವಾರ ಬಿರುಗಾಳಿ;
ಪುರಸಭೆಯ ಮಾಡು ಹಾರಿ,
ರಿಜಿಸ್ಟರು ಕೆಸರು ಕುಡಿದು ಉಬ್ಬಿತ್ತು.
ಮೀನಿಗೆ ಹೋಗುವ ಅಪ್ಪನಿಗೆ
ಮಗನನ್ನು ಬರೆಸಿ ಬರಲು
ಎರಡು ವರ್ಷ ಬಿಡುವಾಗಲಿಲ್ಲ.
ಹೋದ ದಿನ ಗುಮಾಸ್ತ ಕೇಳಿದ: ಯಾವಾಗ ಹುಟ್ಟಿದ್ದು?
ತಡವಾದದ್ದಕ್ಕೆ ದಂಡ ಬಿದ್ದೀತೆಂದು ಹೆದರಿ
"ನಿನ್ನೆ" ಅಂದುಬಿಟ್ಟ ಅಪ್ಪ.
ಮಗ ಪಕ್ಕದಲ್ಲೇ ನಿಂತು ಬಾಳೆಹಣ್ಣು ತಿನ್ನುತ್ತಿದ್ದ.
ಗುಮಾಸ್ತ ತಲೆ ಎತ್ತಲಿಲ್ಲ. ಬರೆದುಕೊಂಡ.

"ಗಡ್ಡ ಇದ್ದರೆ ನಂಬುತ್ತಾರಾ?"
ನಾಲ್ಕೇ ಕೂದಲು, ಉಳಿದದ್ದು ಪೆನ್ಸಿಲು.
ಒದ್ದೆ ಬಟ್ಟೆ ಕೊಟ್ಟೆ. ಒರೆಸಿಕೊಂಡ.
ಒರೆಸಿದ ಮೇಲೆ ಇನ್ನೂ ಎರಡು ವರ್ಷ ಕಮ್ಮಿಯಾದ.

ಅದೇ ಬೆಂಚಿನ ತುದಿಯಲ್ಲಿ ಮರಿಬಿಕ್,
ತಲೆಗೆ ಹಚ್ಚಿದ ಬಣ್ಣ ಕಿವಿಗೂ ಹತ್ತಿತ್ತು.
ಇಪ್ಪತ್ತು ವರ್ಷ ಹೋಟೆಲುಗಳಲ್ಲಿ ಹಾಸಿಗೆ ಹಾಸಿದವಳು;
ಹೊದಿಕೆಯ ಮೂಲೆ ಅವಳು ಮಡಿಸಿದರೆ ಲಕೋಟೆ.
ಹೊಸಬರು ಮೂವತ್ತೈದು ಮೀರಿರಬಾರದಂತೆ.
"ಹೊಸಬಳೇ ಅಲ್ವಾ ನಾನು, ಸಮುದ್ರಕ್ಕೆ?"
ನಕ್ಕಳು, ತಕ್ಷಣ ನಿಲ್ಲಿಸಿದಳು:
ನಕ್ಕರೆ ಕಣ್ಣಿನ ಮೂಲೆ ಲೆಕ್ಕ ಹೇಳುತ್ತದೆ.

ಹುಡುಗನ ಕಾಗದ ಇಸಿದುಕೊಂಡು ಓದಿ,
"ನನ್ನದರಲ್ಲಿ ಎಂಟು ತೆಗಿ,
ಎರಡು ಇವನಿಗೆ ಕೊಡು,
ಆರು ನೀನಿಟ್ಟುಕೋ" ಅಂದಳು ನನಗೆ.
ಐವತ್ತೆರಡಾಯಿತು, ಎಲ್ಲಿಡಲಿ ಅಂದೆ.
"ಕ್ಲಿಪ್ಪಿನ ಡಬ್ಬದಲ್ಲಿ."

ಕೋಣ ಕೊಳ್ಳುವವರಾದರೂ ಹಲ್ಲು ನೋಡುತ್ತಾರೆ.
ಇಲ್ಲಿ ಕಾಗದದ ಬಾಯಿ ತೆರೆಸಿ ನೋಡುತ್ತಾರೆ.
ಆ ಹಡಗಿನಲ್ಲಿ ತಿರುಗಾಡಲು ಬರುವವರಿಗೆ
ಎಂಬತ್ತಂತೆ, ತೊಂಬತ್ತಂತೆ,
ಗಾಲಿಕುರ್ಚಿಯಲ್ಲಿ ಕೂತು ಸೂರ್ಯಾಸ್ತ ನೋಡುತ್ತಾರಂತೆ.
ಅವರ ತಟ್ಟೆ ತೊಳೆಯಲು, ಹಾಸಿಗೆ ಕೊಡವಲು
ವರ್ಷ ತುಂಬಿರಬೇಕು, ತುಂಬಿ ತುಳುಕಿರಬಾರದು.
ಫಾರಮ್ಮನ್ನೂ ತುಂಬುತ್ತೇವೆ.
ತಳ ಒಡೆದ ದೋಣಿಯೂ ತುಂಬುತ್ತದೆ.

ಕ್ಲಿಕ್. ಕ್ಲಿಕ್.
ತಲಾ ಆರು ಪ್ರತಿ. ಹಿನ್ನೆಲೆ ಬಿಳಿ.
ಯಾರ ಮುಖಕ್ಕೂ ಕಂಪ್ಯೂಟರು ಮುಟ್ಟಿಸಲಿಲ್ಲ,
ಅವತ್ತು ಕರೆಂಟು ಆಟವಾಡುತ್ತಿತ್ತು,
ನನ್ನ ಒಳ್ಳೆಯತನವೇನಲ್ಲ.

"ಆಗಲ್ಲ ಅಂದರೆ ಏನು ಮಾಡ್ತೀ?"
"ಕಾಗದ ದೊಡ್ಡದಾಗೋವರೆಗೆ ಕಾಯ್ತೀನಿ" ಅಂದ ರೊನಿಲ್,
ಚಿಲ್ಲರೆ ಎಣಿಸುತ್ತ.
ಮರಿಬಿಕ್ ಏನೂ ಅನ್ನಲಿಲ್ಲ.
ಕೋಟು ಬಿಚ್ಚಿ, ಹಾಸಿಗೆಯ ಮೇಲುಹೊದಿಕೆಯಂತೆ
ನಾಲ್ಕು ಮಡಿಕೆ ಮಡಿಸಿ ಕೊಟ್ಟಳು.

ಸಂಜೆ ನೋಡಿದೆ, ಕೊರಳಪಟ್ಟಿಗೆ
ಅವಳ ಕೂದಲಿನ ಬಣ್ಣ ಹತ್ತಿದೆ.
ಕೋಟೂ ಕಪ್ಪೇ. ಕಾಣುವುದಿಲ್ಲ.
ಬೆರಳಿಗೆ ಮಾತ್ರ ಹತ್ತುತ್ತದೆ.