ಸ್ವಿಚ್ಚಿನ ಸುತ್ತ

ಹೊಗೆಗೂಡು ಇಲ್ಲದ ಕಾಲ.
ಮಸಿ ಹತ್ತಿದಲ್ಲೆಲ್ಲ ಸುಣ್ಣದ ಬೊಟ್ಟು,
ಬೊಟ್ಟಿಗೆ ಎಸಳು. ಹಾಗೆ ಶುರುವಾಯಿತಂತೆ
ಈ ಪೋಲಿಷ್ ಹಳ್ಳಿಯ ಹೂವು.

ಈಗ ಗ್ಯಾಸು. ಗೋಡೆ ಮಾಸುವುದೇ ಇಲ್ಲ.
ಆದರೂ ಅತ್ತೆ ಗೆನೊವೇಫಾ
ಹಸುವಿನ ಬಾಲದ ಕೂದಲು ಕಡ್ಡಿಗೆ ಬಿಗಿದು
ಹಾಲಲ್ಲಿ ನೀಲಿ ಕಲಸಿ ಏಣಿ ಹತ್ತುತ್ತಾರೆ:
ಒಲೆಗೆ ಹೂವು, ತೊಲೆಗೆ ಹೂವು,
ಬಕೀಟಿನ ಹೊಟ್ಟೆಗೂ.

ನಾನು ಪೇಟೆಯವಳು. ಬಿಳಿ ಗೋಡೆ,
ಒಂದೇ ಒಂದು ಚೌಕಟ್ಟು ಸಾಕು.
‘ನಮ್ಮ ಕೋಣೆಯೊಂದು ಬಿಡಿ’ ಅಂದೆ.
ಹೂಂ ಅಂದರು. ಸಂಜೆ ನೋಡಿದರೆ
ಸ್ವಿಚ್ಚಿನ ಸುತ್ತ ಐದು ಎಸಳು.
ಎರಡು ದಿನ ಮಾತು ಬಿಟ್ಟೆ.

ಮೊನ್ನೆ ನಡುರಾತ್ರಿ ಮಗು ಚೀರಿತು.
ಕತ್ತಲಲ್ಲಿ ಗೋಡೆ ತಡವಿದ ಬೆರಳಿಗೆ
ಮೊದಲು ತಾಗಿದ್ದು ಒಣಗಿ ಉಬ್ಬಿದ ಎಸಳು,
ಆಮೇಲೆ ಬೆಳಕು.

ಅತ್ತೆಗೆ ಇನ್ನೂ ಹೇಳಿಲ್ಲ.